ರೇಡಿಯೋ ಬದಲಿಸದೆ ಜೀರುಂಡೆ ಓಡಿಸಿದ್ದು

ನನ್ನ ಹಳೇ ನಾಲ್ಕು ಸೀಟಿನ ವಿಮಾನದಲ್ಲಿ ಈಗ ರೇಡಿಯೋದಲ್ಲಿ ಕಂಟ್ರೋಲ್ ಟವರ್‌ನವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಾರೆ. ಏಳೆಂಟು ತಿಂಗಳು ಹೀಗಿರಲಿಲ್ಲ. 121ರಿಂದ 124 ಮೆಗಾಹರ್ಟ್ಸ್ ನಡುವೆ ಎಲ್ಲಿ ತಿರುಗಿಸಿದರೂ ಸ್ಕ್ವೆಲ್ಚ್ (ಯಾರೂ ಮಾತಾಡದಾಗ ರೇಡಿಯೋ ಬಾಯಿ ಮುಚ್ಚಿಸುವ ಸರ್ಕ್ಯೂಟ್) ತಾನಾಗೇ ತೆರೆದುಕೊಂಡು ಜೀರುಂಡೆ ಕೂಗಿದ ಹಾಗೆ ಸದ್ದು. ಹ್ಯಾಂಗರಿನಲ್ಲಿ ಎಲ್ಲರದ್ದೂ ಒಂದೇ ಮಾತು: "ರೇಡಿಯೋ ಹೋಗಿದೆ, ಹೊಸದು ಹಾಕಿಸಿಬಿಡಿ."

ಮೊದಲು ನಾನೂ ದಡ್ಡತನ ಮಾಡಿದೆ. ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್‌ನದ್ದೇ ಸದ್ದು ಅಂದುಕೊಂಡು ಫಿಲ್ಟರ್ ತಂದು ಹಾಕಿದೆ. ಏನೂ ಬದಲಾಗಲಿಲ್ಲ. ಆಲ್ಟರ್ನೇಟರ್ ಆಗಿದ್ದರೆ ಆರ್‌ಪಿಎಂ ಏರಿಸಿದಾಗ ಸದ್ದಿನ ಶ್ರುತಿಯೂ ಏರಬೇಕಿತ್ತು, ಅಲ್ವಾ? ನನ್ನದು ಏರುತ್ತಲೇ ಇರಲಿಲ್ಲ. ಆಮೇಲೆ ರೇಡಿಯೋ ಬಿಚ್ಚಿ ಬೆಂಚ್ ಟೆಸ್ಟಿಗೆ, ಅಂದರೆ ವರ್ಕ್‌ಶಾಪಿನ ಮೇಜಿನ ಮೇಲಿನ ಪರೀಕ್ಷೆಗೆ, ಕಳಿಸಿದೆ. ಮೂರು ವಾರ ಬಿಟ್ಟು "ದೋಷವಿಲ್ಲ" ಅಂತ ಚೀಟಿ ಬಂತು, ಜೊತೆಗೆ ಬಿಲ್. ಹೊಸ ರೇಡಿಯೋ ಬೆಲೆಯ ಹೆಚ್ಚುಕಡಿಮೆ ಆರನೇ ಒಂದು ಭಾಗ, ಸುಮ್ನೆ ಹೋಯ್ತು.

ಆ ದುಡ್ಡು ಉಳಿಸಬಹುದಾಗಿದ್ದ ಪರೀಕ್ಷೆಗೆ ಐದು ನಿಮಿಷ ಸಾಕು. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮಾಸ್ಟರ್ ಸ್ವಿಚ್ ಮಾತ್ರ ಹಾಕಿ ಕೇಳಿದೆ. ಜೀರುಂಡೆ ಹಾಗೇ ಇತ್ತು. ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಅಲ್ಲ, ಆಲ್ಟರ್ನೇಟರ್ ಅಲ್ಲ. ರೇಡಿಯೋ ಹಿಂದಿನ ಆಂಟೆನಾ ಕೇಬಲ್ಲಿನ ಬಿಎನ್‌ಸಿ ಕನೆಕ್ಟರ್ ಕಿತ್ತೆ. ಸದ್ದು ಪೂರ್ತಿ ನಿಂತಿತು. ಪವರ್ ತಂತಿಯಿಂದ ಬರುತ್ತಿಲ್ಲ, ಆಂಟೆನಾ ಕಡೆಯಿಂದಲೇ ಬರುತ್ತಿದೆ! ಮತ್ತೆ ಸಿಕ್ಕಿಸಿ, ಉಪಕರಣಗಳ ಕರೆಂಟ್ ಕಡಿಯುವ ಬ್ರೇಕರ್‌ಗಳನ್ನು ಒಂದೊಂದಾಗಿ ಎಳೆದೆ. ಎಲ್‌ಇಡಿ ಲ್ಯಾಂಡಿಂಗ್ ಲೈಟ್‌ನದ್ದು ಎಳೆದಾಗ ಮುಕ್ಕಾಲು ಭಾಗ ಹೋಯ್ತು. ಉಳಿದ ಕಾಲು ಭಾಗ ಯುಎಸ್‌ಬಿ ಚಾರ್ಜರಿನದ್ದು. ಫೋನ್ ಸಿಕ್ಕಿಸದೇ ಇದ್ದರೂ ಒಳಗಿನ ಸ್ವಿಚಿಂಗ್ ಸರ್ಕ್ಯೂಟ್ ಓಡುತ್ತಲೇ ಇರುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

ಲೈಟಿನ ತಂತಿಗೆ ಫೆರೈಟ್ (ತಂತಿಯಲ್ಲಿ ಹರಿಯುವ ರೇಡಿಯೋ ಗದ್ದಲ ತಡೆಯುವ ಬಳೆ) ಹಾಕಿದೆ. ಮೊದಲು ರೇಡಿಯೋ ಕಡೆಯ ತುದಿಗೆ ಹಾಕಿದ್ದು ದಂಡ. ಲೈಟಿಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಸರ್ಕ್ಯೂಟ್‌ಗೆ ಅಂಟಿಕೊಂಡ ಹಾಗೆ, 31 ನಂಬರಿನ ಫೆರೈಟಿನಲ್ಲಿ ತಂತಿಯನ್ನು ಮೂರು ಸುತ್ತು ಸುತ್ತಿದಾಗ ಕೆಲಸ ಮಾಡಿತು. ಆದರೂ ಸಮಾಧಾನ ಇರಲಿಲ್ಲ. ಲೈಟು ರೆಕ್ಕೆಯಲ್ಲಿ, ಆಂಟೆನಾ ಛಾವಣಿ ಮೇಲೆ. ಅಷ್ಟು ದೂರದಿಂದ ಇಷ್ಟು ಜೋರು ಸದ್ದು ಹೇಗೆ ಬಂತು?

ಕೋಯಾಕ್ಸ್ (ಆಂಟೆನಾಕ್ಕೆ ಬಳಸುವ, ಸುತ್ತಲೂ ಲೋಹದ ಹೆಣಿಗೆ ಇರುವ ಕೇಬಲ್) ತುಂಡಿನಿಂದ ಒಂದು ಪುಟ್ಟ ಲೂಪ್ ಮಾಡಿ, ಕೈ ರೇಡಿಯೋಗೆ ಸೇರಿಸಿ, ತಂತಿಗಳ ಉದ್ದಕ್ಕೂ ಮೂಸಿ ನೋಡಿದೆ. (ಲೂಪಿನ ಅಳತೆ ಹೇಳಲ್ಲ, ಎರಡು ವಾರ ಕೂತು ಮಾಡಿದ್ದು.) ಬಾಗಿಲ ಕಂಬದ ಹತ್ತಿರ ಆಂಟೆನಾ ಕೋಯಾಕ್ಸೂ ಲೈಟಿನ ತಂತಿಯೂ ಒಂದೇ ಕಟ್ಟಿನಲ್ಲಿ ಹೋಗಿದ್ದವು. ಸ್ಕ್ರೂಡ್ರೈವರ್ ಹಿಡಿಯಿಂದ ಅಲ್ಲಿ ತಟ್ಟಿದರೆ ಸದ್ದು ಜಿಗಿಯುತ್ತಿತ್ತು. ಕೋಯಾಕ್ಸಿನ ಕನೆಕ್ಟರ್ ಸೀಳಿ ನೋಡಿದರೆ, ಹೊರಗಿನ ಗದ್ದಲ ತಡೆಯಬೇಕಾದ ಹೆಣಿಗೆಯಲ್ಲಿ ನಾಲ್ಕೈದು ಎಳೆ ಉಳಿದಿವೆ, ಅವೂ ಹಸಿರು ಹಿಡಿದಿವೆ. ಹಳೇ ಆರ್‌ಜಿ-58 ಕೋಯಾಕ್ಸ್ ತೆಗೆದು, ಗದ್ದಲ ಇನ್ನೂ ಚೆನ್ನಾಗಿ ತಡೆಯುವ ಆರ್‌ಜಿ-400 ಎಳೆದೆ, ಲೈಟಿನ ತಂತಿಯಿಂದ ದೂರ. ಆಂಟೆನಾ ಬುಡದ ಕೆಳಗೆ ಬಣ್ಣ ಬಳಿದಿದ್ದರು. ಬುಡಕ್ಕೂ ವಿಮಾನದ ಮೈಗೂ ಮೀಟರ್ ಇಟ್ಟರೆ ನಾಲ್ಕೈದು ಓಮ್ ತಡೆ. ಕೆರೆದು ಕೂರಿಸಿದ ಮೇಲೆ ಹೆಚ್ಚುಕಡಿಮೆ ಸೊನ್ನೆ. ಎಸ್‌ಡಬ್ಲ್ಯೂಆರ್ (ಆಂಟೆನಾಕ್ಕೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತದೆ ಅಂತ ತೋರಿಸುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 3ರ ಹತ್ತಿರ ಇದ್ದದ್ದು 1.4ಕ್ಕೋ 1.5ಕ್ಕೋ ಇಳಿಯಿತು. ಕೊನೆಯಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಲಾಗ್‌ಬುಕ್ಕಿಗೆ ಸಹಿ ಹಾಕಿದರು. ಅವರ ಕೂಲಿ, ಕೇಬಲ್, ಫೆರೈಟ್ ಎಲ್ಲಾ ಸೇರಿದರೂ ಆ ಬೆಂಚ್ ಟೆಸ್ಟ್ ಬಿಲ್ಲಿನ ಅರ್ಧ ದಾಟಲಿಲ್ಲ.

ಮಧ್ಯೆ ಒಂದು ತಲೆಹರಟೆಯನ್ನೂ ಮಾಡಿದೆ. 121.175 ಮೆಗಾಹರ್ಟ್ಸ್‌ನ 13ನೇ ಹಾರ್ಮೋನಿಕ್, ಅಂದರೆ ಅದರ 13 ಪಟ್ಟು, ಜಿಪಿಎಸ್ ಸಿಗ್ನಲ್ಲಿನ 1575.42 ಮೆಗಾಹರ್ಟ್ಸ್‌ಗೆ ತೀರಾ ಹತ್ತಿರ ಬೀಳುತ್ತದೆ. ನನ್ನ ಜಿಪಿಎಸ್ ಆಗಾಗ ಕಣ್ಣು ಮುಚ್ಚುವುದೂ ಇದರಿಂದಲೇ ಅಂತ ಒಂದು ಭಾನುವಾರ ಪೂರ್ತಿ ಲೆಕ್ಕ ಹಾಕುತ್ತಾ ಕೂತೆ. ಕೊನೆಗೆ ನೋಡಿದರೆ ಜಿಪಿಎಸ್ ಆಂಟೆನಾ ಮೇಲೆ ನಾನೇ ನಕ್ಷೆ ಇಟ್ಟು, ಅದರ ಮೇಲೆ ಲೋಹದ ಕ್ಲಿಪ್‌ಬೋರ್ಡ್ ಇಟ್ಟಿದ್ದೆ.

ಚಾರ್ಜರ್ ಕಸದ ಬುಟ್ಟಿ ಸೇರಿದೆ. ಹೊಸ ರೇಡಿಯೋ ಹಾಕಿಸಿ ಅಂದವರಲ್ಲಿ ಇಬ್ಬರು ಈಗ ಲೂಪ್ ಒಂದು ದಿನದ ಮಟ್ಟಿಗೆ ಕೊಡ್ತೀರಾ ಅಂತ ಕೇಳುತ್ತಿದ್ದಾರೆ. ಇನ್ನೂ ಕೊಟ್ಟಿಲ್ಲ.