ಮಳೆಗೂ ತೊಗರಿಗೂ ನಂಟೆಷ್ಟು? ಸಹಸಂಬಂಧ ಅಳೆಯುವ ಕ್ರಮ

ಮಳೆ ಚೆನ್ನಾಗಿ ಬಂದರೆ ತೊಗರಿ ಚೆನ್ನಾಗಿ ಬರುತ್ತದೆ ಎಂಬ ಮಾತನ್ನು ಕಲಬುರಗಿಯಲ್ಲಿ ಯಾರೂ ಸುಲಭವಾಗಿ ಅಲ್ಲಗಳೆಯುವುದಿಲ್ಲ. ಆದರೆ ಎಷ್ಟರ ಮಟ್ಟಿಗೆ ಎಂದು ಕೇಳಿದರೆ ಲೆಕ್ಕ ಹಾಕಲೇಬೇಕಾಗುತ್ತದೆ. ಎರಡು ಅಂಶಗಳು ಎಷ್ಟು ಬಿಗಿಯಾಗಿ ಒಟ್ಟಿಗೆ ಏರಿಳಿಯುತ್ತವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆಯೇ ಸಹಸಂಬಂಧ ಗುಣಾಂಕ. 1888ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಮುಂದಿಟ್ಟ ಕಲ್ಪನೆಗೆ ಕಾರ್ಲ್ ಪಿಯರ್ಸನ್ 1896ರಲ್ಲಿ ಇಂದು ಬಳಕೆಯಲ್ಲಿರುವ ಸೂತ್ರದ ರೂಪ ಕೊಟ್ಟರು. ಗುಣಾಂಕವು –1ರಿಂದ +1ರೊಳಗೆ ಇರುತ್ತದೆ. ಒಂದು ಏರಿದಂತೆ ಇನ್ನೊಂದೂ ಏರಿದರೆ ಧನ, ಇಳಿದರೆ ಋಣ; ಸೊನ್ನೆಗೆ ಹತ್ತಿರವಾದಷ್ಟೂ ನಂಟು ಸಡಿಲ.

ಮೊದಲು ಅಂಕಿಗಳನ್ನು ಜೋಡಿಯಾಗಿ ಬರೆದುಕೊಳ್ಳಬೇಕು. ಒಂದು ಹೊಲದ ಮಳೆಗೆ ಅದೇ ಹೊಲದ, ಅದೇ ಹಂಗಾಮಿನ ಇಳುವರಿಯೇ ಜೋಡಿಯಾಗಬೇಕು. ಆಳಂದ, ಸೇಡಂ, ಜೇವರ್ಗಿ ಎಂದು ತಾಲ್ಲೂಕುವಾರು ಸರಾಸರಿಗಳನ್ನು ತೆಗೆದುಕೊಂಡರೆ ಹೊಲಹೊಲದ ಏರುಪೇರು ಸರಾಸರಿಯಲ್ಲೇ ಕರಗಿಹೋಗಿ, ಸಂಬಂಧವು ಇರುವುದಕ್ಕಿಂತ ಗಟ್ಟಿಯಾಗಿ ಕಾಣುವ ಸಾಧ್ಯತೆ ಹೆಚ್ಚು.

ಕಲಿಕೆಗಾಗಿ ಕಲ್ಪಿಸಿಕೊಂಡ ಐದು ಹೊಲಗಳನ್ನು ನೋಡೋಣ. ಮುಂಗಾರಿನ ಮಳೆ 40, 50, 60, 70, 80 ಸೆಂ.ಮೀ.; ಎಕರೆಗೆ ಇಳುವರಿ ಕ್ರಮವಾಗಿ 2, 3, 5, 4, 6 ಕ್ವಿಂಟಲ್. ಮಳೆಯ ಸರಾಸರಿ 60, ಇಳುವರಿಯದು 4. ಪ್ರತಿ ಅಂಕಿಯಿಂದ ಅದರ ಸರಾಸರಿಯನ್ನು ಕಳೆದಾಗ ಮಳೆಯ ವಿಚಲನೆಗಳು –20, –10, 0, 10, 20 ಎಂದೂ, ಇಳುವರಿಯವು –2, –1, 1, 0, 2 ಎಂದೂ ಬರುತ್ತವೆ. ಜೋಡಿಜೋಡಿಯಾಗಿ ಗುಣಿಸಿ ಕೂಡಿದರೆ 40 + 10 + 0 + 0 + 40, ಅಂದರೆ 90. ಇನ್ನು ಮಳೆಯ ವಿಚಲನೆಗಳ ವರ್ಗಗಳ ಮೊತ್ತ 1000, ಇಳುವರಿಯದು 10. ಇವೆರಡರ ಗುಣಲಬ್ಧ 10,000, ಅದರ ವರ್ಗಮೂಲ 100. 90ನ್ನು 100ರಿಂದ ಭಾಗಿಸಿದರೆ ಗುಣಾಂಕ 0.90. ಮಳೆಯನ್ನು ಮಿಲಿಮೀಟರಿನಲ್ಲಿ ಬರೆದಿದ್ದರೂ ಉತ್ತರ ಇದೇ, ಏಕೆಂದರೆ ಭಾಗಾಕಾರದಲ್ಲಿ ಮಾನಗಳು ಕಳೆದುಹೋಗುತ್ತವೆ. ಎಕ್ಸೆಲ್‌ನ ‘ಕೊರೆಲ್’ ಸೂತ್ರಕ್ಕೆ ಎರಡು ಕಾಲಮ್ ತೋರಿಸಿದರೂ ಇದೇ ಬರುತ್ತದೆಯಾದರೂ, ಒಮ್ಮೆಯಾದರೂ ಕೈಯಿಂದ ಮಾಡಿ ನೋಡುವುದು ಒಳ್ಳೆಯದು.

ಈಗ ಆರನೆಯ ಹೊಲವೊಂದನ್ನು ಸೇರಿಸಿ: ಮಳೆ 120 ಸೆಂ.ಮೀ., ಇಳುವರಿ 1 ಕ್ವಿಂಟಲ್. ಎರೆ ಭೂಮಿಯಲ್ಲಿ ನೀರು ನಿಂತರೆ ತೊಗರಿಯ ಬೇರು ಉಸಿರುಗಟ್ಟಿ ಗಿಡ ಒಣಗುವುದು ಈ ಭಾಗದ ರೈತರಿಗೆ ಹೊಸದಲ್ಲ. ಲೆಕ್ಕವನ್ನು ಹೊಸದಾಗಿ ಹಾಕಿದರೆ ಗುಣಾಂಕ 0.90ರಿಂದ –0.23ಕ್ಕೆ ಕುಸಿಯುತ್ತದೆ. ಮಳೆಗೂ ಬೆಳೆಗೂ ನಂಟಿಲ್ಲವೆಂದು ಇದರ ಅರ್ಥವಲ್ಲ. ನಂಟು ಒಂದು ಹಂತದವರೆಗೆ ಏರಿ ಆಮೇಲೆ ಬಾಗಿದೆ, ಪಿಯರ್ಸನ್ ಗುಣಾಂಕವೋ ಸರಳ ರೇಖೆಯನ್ನು ಮಾತ್ರ ಅಳೆಯಬಲ್ಲದು. ಅಂಕಿಗಳ ಬದಲು ಅವುಗಳ ಶ್ರೇಣಿಯನ್ನು, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಎಷ್ಟನೆಯದು ಎಂಬುದನ್ನು ಬಳಸುವ, 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ರೂಪಿಸಿದ ವಿಧಾನವು ವಿಪರೀತ ಅಂಕಿಗಳ ಹಾವಳಿಯನ್ನು ತಗ್ಗಿಸುತ್ತದೆ ನಿಜ. ಆದರೆ ಇಲ್ಲಿ ಅದೂ 0.09 ಎಂದಷ್ಟೇ ಹೇಳುತ್ತದೆ, ಏಕೆಂದರೆ ಏರಿ ಇಳಿಯುವ ಸಂಬಂಧ ಅದರ ಹಿಡಿತಕ್ಕೂ ಸಿಗದು. ಆದ್ದರಿಂದ ಗುಣಾಂಕಕ್ಕೆ ಕೈಹಾಕುವ ಮುನ್ನವೇ ಗ್ರಾಫ್ ಕಾಗದದ ಅಡ್ಡಗೆರೆಯಲ್ಲಿ ಮಳೆ, ಲಂಬಗೆರೆಯಲ್ಲಿ ಇಳುವರಿ ಇಟ್ಟು ಪ್ರತಿ ಹೊಲಕ್ಕೊಂದು ಚುಕ್ಕಿ ಹಾಕಬೇಕು. ಈ ಹೆಜ್ಜೆಯನ್ನು ಬಿಟ್ಟು ಮಾಡಿದ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಬಂದ ಸಂಖ್ಯೆ ಆಕಸ್ಮಿಕವೇ ಎಂದು ಪರೀಕ್ಷಿಸುವುದು ಮುಂದಿನ ಕೆಲಸ. ರೂಢಿಯ ಶೇ 5ರ ಮಟ್ಟದಲ್ಲಿ, ಅಂದರೆ ನಂಟೇ ಇಲ್ಲದಿದ್ದರೂ ಇಷ್ಟು ದೊಡ್ಡ ಗುಣಾಂಕ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಐದನ್ನು ಮೀರದಂತೆ, ಐದು ಜೋಡಿಗಳಿದ್ದರೆ ಗುಣಾಂಕ 0.878ನ್ನು ದಾಟಬೇಕು, ಮೂವತ್ತು ಜೋಡಿಗಳಿದ್ದರೆ 0.361 ಸಾಕು. ನಮ್ಮ 0.90 ಅಂಚಿನಲ್ಲಿ ಪಾಸಾಗಿದೆ ಅಷ್ಟೇ.

ಪಾಸಾದರೂ ಮಳೆಯೇ ಕಾರಣ ಎಂದು ಬರೆಯುವ ಹಾಗಿಲ್ಲ. ಬೇಗ ಮಳೆ ಬಿದ್ದ ಕಡೆ ಬಿತ್ತನೆಯೂ ಬೇಗ ಆಗಿರಬಹುದು, ಅಲ್ಲಿ ಇಳುವರಿ ಹೆಚ್ಚಿಸಿದ್ದು ಬಿತ್ತನೆಯ ದಿನವೇ ಆಗಿರಬಹುದು. ಒಂದೇ ವಾರದಲ್ಲಿ, ಒಂದೇ ತಳಿ ಬಿತ್ತಿದ ಹೊಲಗಳನ್ನಷ್ಟೇ ಆರಿಸಿ ಮತ್ತೆ ಲೆಕ್ಕ ಹಾಕಿದರೆ ಆ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ. ವರದಿಯಲ್ಲಿ ಗುಣಾಂಕವೊಂದನ್ನೇ ಕೊಡದೆ ‘5 ಹೊಲಗಳು, ಮಳೆ 40ರಿಂದ 80 ಸೆಂ.ಮೀ., ಗುಣಾಂಕ 0.90’ ಎಂದು ಪೂರ್ತಿಯಾಗಿ ಬರೆದು, ಪಕ್ಕದಲ್ಲಿ ಚುಕ್ಕಿಗಳ ಚಿತ್ರವನ್ನು ಅಂಟಿಸಬೇಕು.