ಸೆಕೆಂಡ್ ಹ್ಯಾಂಡ್ ಕಾರು, ವಾರಂಟಿ ಮತ್ತು ನಮ್ಮ ಘಾಟಿ

ಶಿವಮೊಗ್ಗದಲ್ಲಿ ಹಳೇ ಕಾರು ನೋಡಲು ಹೋದರೆ ಮಾರುವವರು ಕಾರಿಗಿಂತ ಜಾಸ್ತಿ ಹೊಗಳಿದ್ದು ಎಕ್ಸ್‌ಟೆಂಡೆಡ್ ವಾರಂಟಿಯನ್ನು, ಅಂದರೆ ಮೂಲ ವಾರಂಟಿ ಮುಗಿದ ಮೇಲೂ ರಿಪೇರಿ ಖರ್ಚು ನೋಡಿಕೊಳ್ಳುತ್ತೇವೆ ಎಂದು ದುಡ್ಡು ತಗೊಂಡು ಕೊಡುವ ಭರವಸೆಯನ್ನು. "ಒಂದು ವರ್ಷ ತಲೆನೋವೇ ಇಲ್ಲ ಸಾರ್." ಷರತ್ತಿನ ಪುಸ್ತಕ ಕೊಡಿ, ಮನೆಯಲ್ಲಿ ಓದಿ ಬರುತ್ತೇನೆ ಎಂದೆ. ಮುಖ ಸ್ವಲ್ಪ ಸಪ್ಪಗಾಯಿತು, ಆದರೂ ಕೊಟ್ಟರು.

ನಾನು ಓದಲು ಶುರು ಮಾಡಿದ್ದು ಕೊನೆಯ ಪುಟದಿಂದ. ಏನೇನು ಸಿಗುತ್ತದೆ ಎಂದು ಅವರೇ ಹೇಳುತ್ತಾರೆ. ಸಿಗದೇ ಇರುವುದೆಲ್ಲ ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ರಬ್ಬರ್ ಬುಷ್, ತುಕ್ಕು, ಇಲಿ ಕಡಿದ ವೈರು, ನೀರು ನುಗ್ಗಿ ಕೆಟ್ಟ ಇಂಜಿನ್. ಮಲೆನಾಡಿನಲ್ಲಿ ಕಾರು ಕೆಡುವುದೇ ಹೀಗೆ ಅಲ್ವಾ? ನಮ್ಮನೆ ತೀರ್ಥಹಳ್ಳಿಯಿಂದ ಆಚೆ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಲಾರಿಯ ಹಿಂದೆ ಹಾಫ್ ಕ್ಲಚ್‌ನಲ್ಲೇ ತೆವಳಬೇಕು, ಪ್ಲೇಟ್ ಸವೆಯದೆ ಇನ್ನೇನು? ಜಡಿಮಳೆಯಲ್ಲಿ ಇಲಿಗಳಿಗೂ ಬಾನೆಟ್ ಒಳಗೇ ಬೆಚ್ಚಗೆ. ಇನ್ನು ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದರೆ ಕೈಹಿಡಿಯುವುದು ಇನ್ಶೂರೆನ್ಸ್, ಅದೂ ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಸೇರಿಸಿಕೊಂಡಿದ್ದರೆ ಮಾತ್ರ.

ಉಳಿದದ್ದು ಇಂಜಿನ್, ಗೇರ್‌ಬಾಕ್ಸ್. ಅದಕ್ಕೂ ಗ್ಯಾರೇಜಿನವರು ಬಿಚ್ಚುವ ಮೊದಲೇ ವಾರಂಟಿ ಕೊಟ್ಟವರ ಒಪ್ಪಿಗೆ ಬೇಕು. ಹೊಸನಗರದ ಹತ್ತಿರ ಗಾಡಿ ನಿಂತರೆ ಶಿವಮೊಗ್ಗದವರೆಗೆ ಎಳೆದು ತರುವ ಖರ್ಚು ಯಾರದ್ದು ಎಂದು ಫೋನ್ ಮಾಡಿ ಕೇಳಿದೆ. "ನೋಡೋಣ ಸಾರ್" ಅಂದರು. ಬರೆದು ಕೊಡಿ ಎಂದರೆ ಮಾತೇ ಇಲ್ಲ. ಅಲ್ಲಿಗೆ ಆ ಕಾರು ಬಿಟ್ಟೆ.

ಆಮೇಲೆ ಹುಡುಕಿದ್ದು ಕಾರು ತಯಾರಿಸಿದ ಕಂಪನಿಯದೇ ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ಬಾಕಿ ಇರುವ ಗಾಡಿ. ಸವೆಯುವ ಭಾಗಗಳಿಗೆ ಅದೂ ಬರುವುದಿಲ್ಲ. ಆದರೆ ಕಂಪನಿಯ ಯಾವ ಸರ್ವಿಸ್ ಸೆಂಟರಿಗೆ ಹೋದರೂ ನಡೆಯುತ್ತದೆ, ಹೆಸರು ಬದಲಾಯಿಸಿಕೊಂಡರೆ ಹೊಸ ಮಾಲೀಕರಿಗೂ ಸಿಗುತ್ತದೆ. ಸಿಕ್ಕಿದ ಕಾರಿನ ನಂಬರ್ ಹಿಡಿದು ಸರ್ವಿಸ್ ಸೆಂಟರಿಗೆ ಹೋದೆ. ವಾರಂಟಿ ಕೊನೆಯ ದಿನಾಂಕ, ಕಿಲೋಮೀಟರ್ ಮಿತಿ, ಯಾವುದಾದರೂ ಸರ್ವಿಸ್ ತಪ್ಪಿದೆಯಾ, ಎಲ್ಲ ನೋಡಿದೆ. ಸರ್ವಿಸ್ ತಪ್ಪಿದ್ದರೆ ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಕು.

ಆರ್‌ಟಿಒಗೆ ಫಾರಂ 29, 30 ಕೊಟ್ಟು ಆರ್‌ಸಿ ಹೆಸರು ಬದಲಾಯಿಸಿದ ಮಾತ್ರಕ್ಕೆ ವಾರಂಟಿ ತಾನಾಗಿ ಬದಲಾಗುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಬೇರೆಯೇ ಅರ್ಜಿ ಕೊಟ್ಟೆ. ಇನ್ಶೂರೆನ್ಸ್‌ಗೂ ಬೇರೆ, ಅದಕ್ಕೆ 14 ದಿನದ ಗಡುವು. ಮುಂದೆ ಪಾಲಿಸಿ ರಿನ್ಯೂ ಮಾಡುವಾಗ ಇಂಜಿನ್ ಪ್ರೊಟೆಕ್ಟ್ ಹಾಕಿಸಿದೆ. ಮೊದಲು ನೋಡಿದ ಕಾರಿನವರು ವಾರಂಟಿಗೆ ಕೇಳಿದ್ದ ದುಡ್ಡಿನಲ್ಲಿ ಅದೂ ಮುಗಿದು ಮಿಕ್ಕಿತು. ಮಿಕ್ಕಿದ್ದನ್ನು ಹೊಸ ಕ್ಲಚ್ ಪ್ಲೇಟಿಗೆಂದು ಎತ್ತಿಟ್ಟಿದ್ದೇನೆ.