ರಿಪೋರ್ಟ್ ಬಂದ ಮೇಲೆ ಫೋನ್ ಯಾರು ಮಾಡ್ತಾರೆ?

ಪುಣೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ರಕ್ತದ ಸೋಂಕಿನ ರೋಗಿಗಳಿಗೆ ಹೋಗುವ ಆಂಟಿಬಯಾಟಿಕ್ ಮೇಲೆ ಕಣ್ಣಿಡುವುದು ನನ್ನ ಕೆಲಸ.

ಬ್ಲಡ್ ಕಲ್ಚರ್ (ರಕ್ತದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಬಾಟಲಿ ಪಾಸಿಟಿವ್ ಆದರೂ ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತೆ ಅನ್ನೋದು ಪೂರ್ತಿ ತಿಳಿಯಲು ಇನ್ನೂ ಎರಡು ದಿನ ಹಿಡಿಯುತ್ತಿತ್ತು. ಅಲ್ಲಿವರೆಗೆ, ಯಾವ ಬ್ಯಾಕ್ಟೀರಿಯಾ ಇದ್ದರೂ ಹಿಡಿಯಲಿ ಅಂತ, ಮೆರೊಪೆನೆಮ್, ವ್ಯಾಂಕೊಮೈಸಿನ್ ಎರಡೂ ಓಡುತ್ತಿದ್ದವು. ಈಗ ಪಿಸಿಆರ್ ಪ್ಯಾನೆಲ್ ಇದೆ. ಪಾಸಿಟಿವ್ ಬಾಟಲಿಯಿಂದ ಸ್ವಲ್ಪ ರಕ್ತ ಹಾಕಿದರೆ ಸುಮಾರು 1 ಗಂಟೆಯಲ್ಲಿ ಬ್ಯಾಕ್ಟೀರಿಯಾದ ಹೆಸರು, ಪ್ರತಿರೋಧದ ಮುಖ್ಯ ಜೀನ್‌ಗಳು ಸಿಗುತ್ತವೆ.

ಆದರೆ ರಾತ್ರಿ ಎರಡಕ್ಕೆ ಕಂಪ್ಯೂಟರಿಗೆ ಬಂದ ರಿಪೋರ್ಟನ್ನ ಯಾರು ನೋಡ್ತಾರೆ? ಇಂಥ ವೇಗದ ಪರೀಕ್ಷೆಗಳ ಬಗ್ಗೆ 31 ಅಧ್ಯಯನಗಳನ್ನು ಒಟ್ಟು ಸೇರಿಸಿದ 2017ರ ವಿಶ್ಲೇಷಣೆಯಲ್ಲೂ ಸಾವು ಸ್ಪಷ್ಟವಾಗಿ ಕಡಿಮೆಯಾಗಿದ್ದು ಆಂಟಿಬಯಾಟಿಕ್ ತಂಡ ಬೆನ್ನು ಹತ್ತಿದ ಕಡೆಗಳಲ್ಲೇ. ಅದಕ್ಕೇ ಲ್ಯಾಬಿನವರು ನಮ್ಮ ಡ್ಯೂಟಿ ಫೋನಿಗೇ ಕರೆ ಮಾಡಬೇಕು ಅಂತ ಹಟ ಹಿಡಿದೆ. ಔಷಧ ಬದಲಿಸುವುದು ಡಾಕ್ಟರೇ. ನಾನು ಚಾರ್ಟು, ಕಿಡ್ನಿ ರಿಪೋರ್ಟು, ಅಲರ್ಜಿ ನೋಡಿಕೊಂಡು ಡೋಸ್ ಸಮೇತ ಸಲಹೆ ಕೊಡುತ್ತೇನೆ.

ಅಕ್ಕಲಕೋಟೆ ಕಡೆಯ ಒಬ್ಬರು ಡಯಾಲಿಸಿಸ್ ರೋಗಿ, ಕನ್ನಡದವರೇ. ಪ್ಯಾನೆಲ್‌ನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಬಂತು, ಮೆಕ್‌-ಎ ಜೀನ್ ಇರಲಿಲ್ಲ. ಅಂದರೆ ಎಮ್‌ಆರ್‌ಎಸ್‌ಎ (ಮೆಥಿಸಿಲಿನ್ ಥರದ ಔಷಧಕ್ಕೆ ಬಗ್ಗದ ಸ್ಟೆಫ್) ಅಲ್ಲ. ಇಂಥದಕ್ಕೆ ವ್ಯಾಂಕೊಮೈಸಿನ್‌ಗಿಂತ ಸೆಫಾಜೊಲಿನ್ ಒಳ್ಳೆಯದು, ಡಯಾಲಿಸಿಸ್ ಮುಗಿದ ಕೂಡಲೇ ಕೊಟ್ಟರಾಯ್ತು. ಡಾಕ್ಟರ್ ಒಪ್ಪಿದರು. ವಾರ್ಡಿನಲ್ಲಿ ಸ್ಟಾಕೇ ಇಲ್ಲ! ಆಪರೇಷನ್‌ಗೆ ಮುಂಚೆ ಕೊಡೋ ಔಷಧ ಅಲ್ವಾ, ಓಟಿ ಸ್ಟೋರಿನಿಂದ ತರಿಸಿದೆ. ಮಗ ಮುಖ ಗಂಟು ಹಾಕಿಕೊಂಡು ಕೇಳಿದರು: "ನಿನ್ನೆ ದೊಡ್ಡ ಔಷಧ ಹಚ್ಚಿದ್ರಿ, ಇವತ್ತ್ಯಾಕ ಸಸ್ತಾದ್ದು?" ಕನ್ನಡದಲ್ಲೇ ಕೂತು ವಿವರಿಸಿದೆ. ಸಸ್ತಾ ಅಂದರೆ ಕಡಿಮೆ ಅಂತ ನಮ್ಮ ಜನರ ತಲೆಯಲ್ಲಿ ಯಾರು ತುಂಬಿದರೋ.

ಎನ್‌ಡಿಎಮ್ ಜೀನ್ (ಮೆರೊಪೆನೆಮ್ ಥರದ ಔಷಧಗಳನ್ನ ಒಡೆಯೋ ಕಿಣ್ವದ್ದು) ಬಂದರೆ ಕಥೆ ಬೇರೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಲದು, ಜೊತೆಗೆ ಅಜ್ಟ್ರಿಯೊನಾಮ್ ಬೇಕು. ಅಜ್ಟ್ರಿಯೊನಾಮ್ ಎನ್‌ಡಿಎಮ್‌ಗೆ ಜಗ್ಗಲ್ಲ, ಆದರೆ ಅದನ್ನ ಹಾಳು ಮಾಡೋ ಬೇರೆ ಕಿಣ್ವಗಳು ಅದೇ ಬ್ಯಾಕ್ಟೀರಿಯಾದಲ್ಲಿ ಇರುತ್ತವೆ. ಅವನ್ನ ಅವಿಬ್ಯಾಕ್ಟಮ್ ತಡೆಯುತ್ತೆ. ಹಾಗಾಗಿ ಎರಡೂ ಒಟ್ಟಿಗೇ ಹೋಗಬೇಕು. ನರ್ಸ್‌ಗಳು ರೂಢಿಯಂತೆ ಒಂದಾದ ಮೇಲೊಂದು ಹಾಕ್ತಿದ್ರು. ಎರಡು ಪಂಪ್ ಇಡಿಸಿದ ಮೇಲೆ ಸರಿಹೋಯ್ತು.

ಪಾಸಿಟಿವ್ ಬಂದದ್ದೆಲ್ಲ ಸೋಂಕಲ್ಲ. ಒಂದೇ ಬಾಟಲಿಯಲ್ಲಿ ಚರ್ಮದ ಮೇಲೆ ಸಹಜವಾಗಿ ಇರೋ ಸ್ಟೆಫ್ ಬಂದರೆ ಹೆಚ್ಚಿನ ಸಲ ಅದು ರಕ್ತ ತೆಗೆಯುವಾಗ ಸೇರಿಕೊಂಡ ಕಲಬೆರಕೆ.

ಪ್ರತಿರೋಧದ ಜೀನ್ ಸಿಗಲಿಲ್ಲ ಅಂತ ಮೆರೊಪೆನೆಮ್ ಕೆಲಸ ಮಾಡೇ ಮಾಡುತ್ತೆ ಅನ್ನೋಕಾಗಲ್ಲ. ಬ್ಯಾಕ್ಟೀರಿಯಾ ಔಷಧ ತಪ್ಪಿಸಿಕೊಳ್ಳೋಕೆ ಪ್ಯಾನೆಲ್ ಹುಡುಕದ ದಾರಿಗಳೂ ಇವೆ. ಅಂಥ ರೋಗಿಗಳ ಫೈಲ್ ಮೇಲೆ ಕೆಂಪು ಸ್ಟಿಕರ್ ಅಂಟಿಸಿ, ಸೆನ್ಸಿಟಿವಿಟಿ (ಯಾವ ಔಷಧಕ್ಕೆ ಬಗ್ಗುತ್ತೆ ಅನ್ನೋ ಪೂರ್ತಿ ರಿಪೋರ್ಟು) ಬಂದ ದಿನ ಮತ್ತೆ ಫೋನ್ ಮಾಡುತ್ತೇನೆ.